18 ತಿಂಗಳ ಫಿಟ್‌ನೆಸ್ ಕೋಚಿಂಗ್: ಊಟದ ಪಟ್ಟಿಗಿಂತ ನಾಲ್ಕು ಕಾಲಂಗಳ ನೋಟ್‌ಬುಕ್ ಹೆಚ್ಚು ಉಪಯೋಗಕ್ಕೆ ಬಂತು

ಹಣ ಕಟ್ಟಿದ ದಿನವೇ ಊಟದ ಪಟ್ಟಿಯೊಂದು ಕೈಗೆ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಪ್ರಶ್ನೆಗಳು. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ, ದಿನದ ಕೊನೆಯ ಕಾಫಿ ಯಾವಾಗ, ತಿನ್ನುವಾಗ ಕಣ್ಣು ತಟ್ಟೆಯ ಮೇಲಿರುತ್ತದೆಯೋ ಮೊಬೈಲ್ ಮೇಲೋ. ಏನು ತಿನ್ನುತ್ತೀರಿ ಎಂಬುದು ಕೊನೆಯ ಪ್ರಶ್ನೆಯಾಗಿತ್ತು. ಆನ್‌ಲೈನ್‌ನಲ್ಲಿ ನಡೆಯುವ ಈ ಮಾರ್ಗದರ್ಶನವನ್ನು 18 ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮೊದಲ ತಿಂಗಳಲ್ಲಿ ಬರೆದಿದ್ದರೆ ಹೊಗಳಿಕೆಯಷ್ಟೇ ಇರುತ್ತಿತ್ತು, ಐದನೆಯ ತಿಂಗಳಲ್ಲಿ ಬರೆದಿದ್ದರೆ ಬರೀ ಸಿಟ್ಟು.

ಕೋಚ್ ಮೊದಲು ಕೊಟ್ಟ ಕೆಲಸ ಒಂದು ನೋಟ್‌ಬುಕ್ ಇಡುವುದು. ಅದರಲ್ಲಿ ನಾಲ್ಕು ಕಾಲಂ: ಸಮಯ, ತಿಂದದ್ದು, ತಿನ್ನುವ ಮೊದಲು ಹಸಿವು ಹತ್ತರಲ್ಲಿ ಎಷ್ಟು, ಆಗ ಮನಸ್ಸಿನಲ್ಲಿ ಏನಿತ್ತು. ಕ್ಯಾಲೊರಿ ಲೆಕ್ಕ ಬೇಡ ಎಂದರು. ಎರಡು ವಾರ ಬರೆದ ಮೇಲೆ ಪುಟಗಳನ್ನು ತಿರುವಿದರೆ ನನಗೇ ಗಾಬರಿಯಾಯಿತು. ಹೊತ್ತುಹೊತ್ತಿನ ಊಟದಲ್ಲಿ ದೊಡ್ಡ ತಪ್ಪೇನೂ ಇರಲಿಲ್ಲ. ಸಂಜೆ ನಾಲ್ಕರಿಂದ ಆರು, ರಾತ್ರಿ ಹನ್ನೊಂದರ ನಂತರ, ಈ ಎರಡು ಹೊತ್ತಿನಲ್ಲಿ ಬಿಸ್ಕತ್ತು, ಚಿಪ್ಸ್, ಚಾಕೊಲೇಟ್ ಸಾಲುಗಟ್ಟಿ ನಿಂತಿದ್ದವು. ಅವುಗಳ ಎದುರಿಗೆ ಹಸಿವು 2 ಅಥವಾ 3. ಮನಸ್ಸಿನ ಕಾಲಂನಲ್ಲಿ ಮಾತ್ರ ಮತ್ತೆ ಮತ್ತೆ ಒಂದೇ ಮಾತು: ನಾಳೆ ಒಪ್ಪಿಸಬೇಕಾದ ವರದಿ. ಅದನ್ನು ಅಷ್ಟು ವರ್ಷ ನಾನು ಬಾಯಿಚಪಲ ಎಂದು ಕರೆದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಇದಕ್ಕೆ ಕೋಚ್ ಕೊಟ್ಟ ವಿವರಣೆ ನನಗೆ ಬಹಳ ಬೆಲೆಬಾಳುವಂಥದ್ದು. ಥಟ್ಟನೆ ಎರಗುವ ಒತ್ತಡದಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಏರಿ ಹಸಿವು ಅಡಗುತ್ತದೆ. ಒತ್ತಡ ದಿನಗಟ್ಟಲೆ ಎಳೆದರೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸುರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನ್ ಅನೇಕರಲ್ಲಿ ತಿನ್ನುವ ಆಸೆಯನ್ನು ಹೆಚ್ಚಿಸುತ್ತದೆ, ಅದರಲ್ಲೂ ಸಿಹಿ ಮತ್ತು ಜಿಡ್ಡಿನ ಕಡೆಗೆ. ನಿದ್ದೆಗೆಟ್ಟವರಿಗೆ ಇದು ಇನ್ನೂ ಕಷ್ಟ. ಕಾಫಿಯಲ್ಲಿರುವ, ನಿದ್ದೆ ಕೆಡಿಸುವ ಕೆಫೀನಿನ ಅರ್ಧದಷ್ಟು ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು ಎಂಬುದನ್ನು ಕೇಳಿದಾಗ ನನ್ನ ಸಂಜೆ ಆರರ ಕಾಫಿಗೂ ರಾತ್ರಿ ಹನ್ನೊಂದರ ಚಿಪ್ಸ್‌ಗೂ ಇರುವ ನಂಟು ಹೊಳೆಯಿತು. ಹಾಗಾಗಿ ಮೊದಲು ಬದಲಾದದ್ದು ಊಟವಲ್ಲ, ಕಾಫಿಯ ಹೊತ್ತು. ಮಧ್ಯಾಹ್ನ ಒಂದರ ನಂತರ ಕಾಫಿ ಬಿಟ್ಟೆ. ಐದೂವರೆ ಗಂಟೆಯ ನಿದ್ದೆ ಮೂರನೆಯ ತಿಂಗಳ ಹೊತ್ತಿಗೆ ಏಳಕ್ಕೆ ಮುಟ್ಟಿತು, ರಾತ್ರಿಯ ತಿನ್ನುವಿಕೆ ಮುಕ್ಕಾಲು ಪಾಲು ತಾನಾಗಿಯೇ ನಿಂತಿತು.

ಸಂಜೆಯದು ಅಷ್ಟು ಸುಲಭವಾಗಲಿಲ್ಲ. "ಬೇಡ ಎಂದು ಮನಸ್ಸಿಗೆ ಹೇಳಬೇಡಿ, ಹತ್ತು ನಿಮಿಷ ತಡೆಯಿರಿ. ಉಸಿರು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಆಮೇಲೂ ಬೇಕೆನಿಸಿದರೆ ತಟ್ಟೆಗೆ ಹಾಕಿಕೊಂಡು, ಕುಳಿತು, ತಿನ್ನಿ" ಎಂದಿದ್ದರು. ಎರಡು ಸಲ ಪ್ರಯತ್ನಿಸಿದರೆ ಒಂದು ಸಲ ಇದು ಫಲಿಸುತ್ತದೆ. ನನಗೆ ಅದು ಸಾಕು. ಪೊಟ್ಟಣಕ್ಕೆ ಕೈ ಹಾಕಿ ತಿನ್ನುವುದು ನಿಂತದ್ದೇ ದೊಡ್ಡ ಬದಲಾವಣೆ.

ಆಹಾರದ ವಿಷಯದಲ್ಲಿ ಹೊಸ ಮಾತು ಕಡಿಮೆ. ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು, ಕಾಲು ಭಾಗ ಇಡೀ ಧಾನ್ಯ, ಇನ್ನು ಕಾಲು ಭಾಗ ಬೇಳೆಕಾಳು, ಮೊಟ್ಟೆಯಂಥ ಪ್ರೋಟೀನ್. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ, 5 ಗ್ರಾಂಗಿಂತ ಕಡಿಮೆ ಉಪ್ಪು. ನನಗೆ ಗೊತ್ತಿರದೇ ಇದ್ದದ್ದು ಒಂದೇ: ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಆ ಸಂಸ್ಥೆ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸುತ್ತದೆ. ಆರೋಗ್ಯಕ್ಕೆಂದು ದಿನಕ್ಕೆರಡು ಲೋಟ ರಸ ಕುಡಿಯುತ್ತಿದ್ದವಳು ನಾನು. ಈಗ ಹಣ್ಣನ್ನು ಕಚ್ಚಿ ತಿನ್ನುತ್ತೇನೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೊಂದನ್ನೂ ಕೋಚ್ ಪ್ರಸ್ತಾಪಿಸಿದ್ದರು. ನಾನೇ ಹುಡುಕಿ ಓದಿದೆ. 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಅಷ್ಟು ಸಂಸ್ಕರಿಸದ ಆಹಾರ. ಬೇಕಾದಷ್ಟು ತಿನ್ನಿ ಎಂದಾಗ ಸಂಸ್ಕರಿಸಿದ್ದನ್ನು ತಿನ್ನುವಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಬೇಗ ಬೇಗನೆಯೂ ತಿಂದರು. ಮೇಜಿನ ಡ್ರಾಯರ್‌ನಲ್ಲಿ ಚಿಪ್ಸ್ ಇಡುವುದನ್ನು ನಾನು ಬಿಟ್ಟದ್ದು ಇದನ್ನು ಓದಿದ ಮೇಲೆ.

ಇನ್ನು ಐದನೆಯ ತಿಂಗಳ ಕಥೆ. ತಿಳಿಸದೆಯೇ ನನ್ನನ್ನು ಸಹಾಯಕರೊಬ್ಬರ ಗುಂಪಿಗೆ ವರ್ಗಾಯಿಸಿದರು. ಯಾರು ಏನು ಕೇಳಿದರೂ ಒಂದೇ ಸಿದ್ಧ ಉತ್ತರ. ವಾರಕ್ಕೊಮ್ಮೆ ತೂಕದ ಫೋಟೊ ಕಳಿಸಬೇಕು, ತಡವಾದರೆ ಆ್ಯಪ್‌ನಲ್ಲಿ ಅಂಕ ಕಡಿತ. ಉಪ್ಪು, ನೀರು, ಮುಟ್ಟಿನ ದಿನಗಳಿಂದಲೇ ತೂಕ ಒಂದೆರಡು ಕಿಲೋ ಏರಿಳಿಯುತ್ತದೆ. ಆ ಅಂಕಿ ನೋಡಿ ನಾನು ಭಾನುವಾರಗಳನ್ನು ಕಳೆದುಕೊಂಡೆ. ಒತ್ತಡ ಇಳಿಸಲು ಸೇರಿದ ಕಡೆ ಒತ್ತಡವೇ ಬಂತು. ಅದರ ಜೊತೆಗೆ ಅವರೇ ಮಾರುವ ಪ್ರೋಟೀನ್ ಪುಡಿಯ ಒತ್ತಾಯ. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಎಂಬ ಸಾಮಾನ್ಯ ಶಿಫಾರಸಿನಂತೆ ನನಗೆ ಬೇಕಾದದ್ದು ಸುಮಾರು 50 ಗ್ರಾಂ, ಅದು ಊಟದಲ್ಲೇ ಸಿಗುತ್ತಿತ್ತು. ಸಲಹೆ ಕೊಡುವವರು ಸರಕನ್ನೂ ಮಾರಿದರೆ ಯಾವ ಮಾತನ್ನು ನಂಬಬೇಕು? ದೂರು ಬರೆದ ಮೇಲೆ ಕೋಚ್ ತಾವೇ ಕರೆ ಮಾಡಿ ಕ್ಷಮೆ ಕೇಳಿದರು, ತೂಕದ ನಿಯಮವನ್ನು ಕೈಬಿಟ್ಟರು. ಪುಡಿಯ ಮಾರಾಟ ಮಾತ್ರ ಇಂದಿಗೂ ನಿಂತಿಲ್ಲ.

ಒಂಬತ್ತನೆಯ ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಹೇಳಿದೆ. ಕೋಚ್ ಆ ಕ್ಷಣವೇ ವ್ಯಾಯಾಮ ನಿಲ್ಲಿಸಿ, "ಇದು ನನ್ನ ಕೆಲಸವಲ್ಲ, ಇಂದೇ ವೈದ್ಯರನ್ನು ನೋಡಿ" ಎಂದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆ ಎಂದು ತಿಳಿಯಿತು. ತಿಂಗಳುಗಟ್ಟಲೆ ಕೆಲಸದ ದಣಿವೆಂದುಕೊಂಡದ್ದು ರಕ್ತಹೀನತೆಯಾಗಿತ್ತು. ತಮ್ಮ ಮಿತಿ ಬಲ್ಲವರು ಎಂಬ ಗೌರವ ನನ್ನಲ್ಲಿ ಉಳಿದದ್ದು ಅದರಿಂದ.

ತೂಕ ನಾಲ್ಕು ಕಿಲೋ ಇಳಿದು ಅಲ್ಲೇ ನಿಂತಿದೆ. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯುಬಲದ ವ್ಯಾಯಾಮ ಮುಂದುವರಿದಿವೆ. ಊಟದ ಬಗ್ಗೆ ಮೊದಲೇ ಅತಿಯಾದ ಭಯ, ಅಪರಾಧಭಾವ ಅನುಭವಿಸಿದವರು ನೋಟ್‌ಬುಕ್ ಪದ್ಧತಿಗೆ ಇಳಿಯುವ ಮುನ್ನ ವೈದ್ಯರನ್ನೋ ಮನೋವೈದ್ಯರನ್ನೋ ಕೇಳಬೇಕು. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು ಕೂಡ.

5ಕ್ಕೆ 3.5 ಅಂಕ ಕೊಡುತ್ತೇನೆ. ಪೂರ್ಣ ಯೋಜನೆಯನ್ನು ನವೀಕರಿಸುವುದಿಲ್ಲ, ಮೂರು ತಿಂಗಳಿಗೊಂದು ಕರೆಯನ್ನಷ್ಟೇ ಉಳಿಸಿಕೊಂಡಿದ್ದೇನೆ. ಸೇರುವವರು ನಿಮ್ಮ ಪ್ರಶ್ನೆಗೆ ಉತ್ತರಿಸುವವರು ಯಾರು, ಕೋಚ್ ಅವರೋ ಸಹಾಯಕರೋ ಎಂಬುದನ್ನು ಮೊದಲೇ ಬರಹದಲ್ಲಿ ಪಡೆದುಕೊಳ್ಳಿ.