"ಬರೀ ಟ್ಯೂನಿಂಗ್ ಪ್ರಾಬ್ಲಂ ಸರ್" ಅನ್ನೋರ ಹತ್ರ ಹಳೇ ಗ್ಲೋ ಎಂಜಿನ್ ತಗೋಬೇಡಿ

ಮಾಡೆಲ್ ವಿಮಾನಕ್ಕೆ ಸೆಕೆಂಡ್‌ಹ್ಯಾಂಡ್ ಗ್ಲೋ ಎಂಜಿನ್ (ಮೆಥನಾಲ್‌ನಲ್ಲಿ ಓಡೋ ಪುಟ್ಟ ಎಂಜಿನ್) ಹುಡುಕ್ತಿರೋರು ದಯವಿಟ್ಟು ಓದಿ. ಎಣ್ಣೆಯಲ್ಲಿ ನೆನೆಸಿ ಕಳಿಸಿದ ಎಂಜಿನ್‌ನ ಕಂಪ್ರೆಷನ್ ನಂಬಬೇಡಿ. ನಂಬಲೇಬೇಡಿ.

ನಾನು ತಗೊಂಡದ್ದು 46 ಸೈಜ್, ಅಂದರೆ 7.5 ಸಿಸಿ, ಎಬಿಸಿ ಎಂಜಿನ್ (ಅಲ್ಯೂಮಿನಿಯಂ ಪಿಸ್ಟನ್, ಅದು ಓಡಾಡೋ ಕೊಳವೆ ಅಂದರೆ ಲೈನರ್ ಕ್ರೋಮ್ ಲೇಪಿಸಿದ ಹಿತ್ತಾಳೆ). "ಎರಡೇ ಟ್ಯಾಂಕ್ ಓಡಿದೆ ಸರ್, ರನ್ನಿಂಗ್-ಇನ್ ಕೂಡ ಪೂರ್ತಿ ಆಗಿಲ್ಲ" ಅಂತ ಹೇಳಿ ಮಾರಿದವರು ದುಡ್ಡು ಮೊದಲೇ ಹಾಕಿಸಿಕೊಂಡರು. ಬಂದದ್ದು ಸತ್ತ ಎಂಜಿನ್.

ಡಬ್ಬ ಬಿಚ್ಚಿದರೆ ಕವರ್ ತುಂಬ ಹರಳೆಣ್ಣೆ. ಓಡಿಸಿ ಮುಗಿಸಿದ ಮೇಲೆ ಹಾಕೋ ಎಣ್ಣೆ ನಾಲ್ಕೈದು ಹನಿ, ಅದೂ ತೆಳ್ಳಗಿನದು. ಇಷ್ಟು ಗಟ್ಟಿ ಎಣ್ಣೆ ಸಿಲಿಂಡರ್ ಒಳಗೆ ನಿಂತರೆ ಪಿಸ್ಟನ್-ಲೈನರ್ ನಡುವೆ ಸವೆದ ಸಂದೆಲ್ಲ ಮುಚ್ಚಿಹೋಗುತ್ತೆ, ಪ್ರೊಪೆಲ್ಲರ್ ತಿರುಗಿಸಿದರೆ ಹೊಸದರ ಹಾಗೇ ಬಿಗಿ. ವಿಡಿಯೋದಲ್ಲಿ ತೋರಿಸಿದ್ದೂ ಇದೇ ಬಿಗಿ! ಮೆಥನಾಲ್‌ನಲ್ಲಿ ತೊಳೆದು ತಿರುಗಿಸಿದರೆ ಕೈಗೆ ಏನೂ ತಾಗಲಿಲ್ಲ. ಸುಮ್ಮನೆ ಸುತ್ತಿತು. ಎಬಿಸಿ ಲೈನರ್ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಕಿರಿದು. ಎಂಜಿನ್ ತಣ್ಣಗಿದ್ದಾಗ ಪಿಸ್ಟನ್ ಮೇಲೆ ಬಂದ ಕೂಡಲೇ ಅಲ್ಲಿ ಕಚ್ಚಿ ಹಿಡೀಬೇಕು, ಪ್ಲಗ್ ಬಿಚ್ಚಿ ತಿರುಗಿಸಿದರೂ ಹಿಡೀಬೇಕು. ಎರಡು ಟ್ಯಾಂಕ್ ಓಡಿದ ಎಂಜಿನ್‌ನಲ್ಲಿ ಆ ಹಿಡಿತ ಇಲ್ಲ ಅಂದರೆ ಏನರ್ಥ?

ಕೇಳಿದ್ದಕ್ಕೆ ಬಂದ ಉತ್ತರಗಳು ಇನ್ನೂ ಚೆನ್ನಾಗಿವೆ.

"ನಿಮ್ಮ ಫ್ಯುಯೆಲ್ ಸರಿಯಿಲ್ಲ, ಅದಕ್ಕೆ 15 ಪರ್ಸೆಂಟ್ ನೈಟ್ರೋ ಬೇಕು." ನನ್ನ ಫ್ಯುಯೆಲ್ 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ, ನೈಟ್ರೋ (ನೈಟ್ರೋಮೀಥೇನ್) ಸೊನ್ನೆ. ಇಂಥ ಸ್ಪೋರ್ಟ್ ಎಂಜಿನ್ ಅದರಲ್ಲೇ ಓಡುತ್ತೆ. ನೈಟ್ರೋ ಇದ್ದರೆ ಐಡಲ್ ನಯ, ಪವರ್ ಸ್ವಲ್ಪ ಜಾಸ್ತಿ, ಅಷ್ಟೇ. ಅದೇ ಕ್ಯಾನ್ ಫ್ಯುಯೆಲ್‌ನಲ್ಲಿ ಬೇರೆ ಎಂಜಿನ್ ಚೆನ್ನಾಗೇ ಓಡ್ತಿದೆ.

"ಹಾಗಾದ್ರೆ ಪ್ಲಗ್ ಹೋಗಿರುತ್ತೆ." ಹೊಸ ಪ್ಲಗ್, 1.5 ವೋಲ್ಟ್‌ಗೆ ತಂತಿ ಕಿತ್ತಳೆ ಬಣ್ಣಕ್ಕೆ ಹೊಳೀತಿದೆ. ಡ್ರೈವರ್ (ಪ್ಲಗ್ ಕಾಯಿಸೋ ಬ್ಯಾಟರಿ) ತೆಗೆದ ತಕ್ಷಣ ಆರ್‌ಪಿಎಂ ಬೀಳುತ್ತೆ. ಬ್ಯಾಟರಿ ತೆಗೆದ ಮೇಲೂ ಪ್ಲಗ್ ಉರೀತಿರೋದು ಕಂಪ್ರೆಷನ್ ಬಿಸಿಯಿಂದ, ಮತ್ತೆ ತಂತಿಯ ಪ್ಲಾಟಿನಂಗೂ ಮೆಥನಾಲ್‌ಗೂ ನಡೆಯೋ ಕ್ರಿಯೆಯಿಂದ. ಕಂಪ್ರೆಷನ್ನೇ ಇಲ್ಲದ ಕಡೆ ಎಷ್ಟು ಪ್ಲಗ್ ಹಾಕಿದರೂ ಆರುತ್ತೆ.

ಆಮೇಲೆ ಬಂತು ನೋಡಿ: "ನೀಡಲ್ ಸೆಟ್ ಮಾಡೋಕೆ ಬರಲ್ವಾ ನಿಮಗೆ? ಬರೀ ಟ್ಯೂನಿಂಗ್ ಪ್ರಾಬ್ಲಂ ಸರ್."

ಉರಿದುಹೋಯ್ತು. ನೀಡಲ್ (ಫ್ಯುಯೆಲ್ ಹರಿವು ಹೊಂದಿಸೋ ತಿರುಪು) ಎರಡೂವರೆ ಸುತ್ತು ಬಿಚ್ಚಿ ಶುರು, ಫುಲ್ ಥ್ರಾಟಲ್‌ನಲ್ಲಿ ಕ್ಲಿಕ್ ಕ್ಲಿಕ್ ಆಗಿ ಲೀನ್ ಮಾಡಿ (ಫ್ಯುಯೆಲ್ ಕಡಿಮೆ ಮಾಡಿ) ಪೀಕ್ ಆರ್‌ಪಿಎಂ ಹುಡುಕೋದು, ಅಲ್ಲಿಂದ 200-300 ಆರ್‌ಪಿಎಂ ಇಳಿಯೋಷ್ಟು ರಿಚ್ ಮಾಡೋದು (ಫ್ಯುಯೆಲ್ ಜಾಸ್ತಿ ಮಾಡೋದು), ವಿಮಾನದ ಮೂಗು ಮೇಲೆತ್ತಿ ನೋಡೋದು. ಇದು ಯಾರಿಗೆ ಗೊತ್ತಿಲ್ಲ? ಈ ಎಂಜಿನ್ ಅರ್ಧ ನಿಮಿಷ ಓಡಿ ಬಿಸಿಯಾದ ಮೇಲೆ ಕುಸಿಯುತ್ತೆ. ಲೀನ್ ಆಗಿ ಕುಸಿದದ್ದಾದರೆ ಎರಡು ಕ್ಲಿಕ್ ಬಿಚ್ಚಿದರೆ ಚೇತರಿಸಿಕೊಳ್ಳಬೇಕು. ಇದು ರಿಚ್ ಮಾಡಿದರೂ ಇಲ್ಲ, ಲೀನ್ ಮಾಡಿದರೂ ಇಲ್ಲ. ಗಾಳಿ ಲೀಕ್ ಇರಬಹುದು ಅಂತ ಕಾರ್ಬ್ ಬುಡಕ್ಕೆ, ಬ್ಯಾಕ್‌ಪ್ಲೇಟ್ ಸುತ್ತ ಎಣ್ಣೆ ಸವರಿ ನೋಡಿದ್ದಾಯ್ತು, ಓಟ ಒಂಚೂರೂ ಬದಲಾಗಲಿಲ್ಲ. ಟ್ಯಾಂಕ್ ಒಳಗಿನ ಕ್ಲಂಕ್ ಟ್ಯೂಬ್ (ಫ್ಯುಯೆಲ್ ಹೀರೋ ಕೊಳವೆ) ಹೊಸದು, ಫ್ಯುಯೆಲ್ ಲೈನ್‌ನಲ್ಲಿ ಗುಳ್ಳೆ ಇಲ್ಲ, ಟ್ಯಾಂಕ್ ಮಧ್ಯ ಸ್ಪ್ರೇಬಾರ್ (ಕಾರ್ಬ್ ಒಳಗೆ ಫ್ಯುಯೆಲ್ ಬಿಡೋ ನಳಿಕೆ) ಮಟ್ಟದಲ್ಲೇ ಇದೆ, ಮಫ್ಲರ್ ಪ್ರೆಷರ್ ಬರ್ತಿದೆ. ಇನ್ನೇನು ಉಳೀತು? ಬಿಸಿ ಇದ್ದಾಗಲೇ ನಿಲ್ಲಿಸಿ, ಡ್ರೈವರ್ ತೆಗೆದು, ಫ್ಯುಯೆಲ್ ಲೈನ್ ಕಳಚಿ, ಪ್ರೊಪೆಲ್ಲರನ್ನ ಕೋಲಿನಲ್ಲಿ ತಳ್ಳಿದರೆ ಸುಸ್ ಅಂತ ಗಾಳಿ ಸೋರಿ ಟೇಬಲ್ ಫ್ಯಾನ್ ಥರ ಸುತ್ತುತ್ತೆ.

ಪ್ರೊಪೆಲ್ಲರ್ ಹಿಂದುಗಡೆ ಬೇರಿಂಗ್‌ನಿಂದ ಕಂದು ರಸ ಬೇರೆ. "ಅದು ಕ್ಯಾಸ್ಟರ್ ಕಲರ್ ಸರ್." ಸುಟ್ಟ ಹರಳೆಣ್ಣೆ ಬೆರಳಿಗೆ ಅಂಟುತ್ತೆ. ಇದು ಬೆರಳ ನಡುವೆ ತಿಕ್ಕಿದರೆ ಮರಳಿನ ಹಾಗೆ ಕರಕರ. ತುಕ್ಕು. ಎಣ್ಣೆ ಬಿಡದೆ ವರ್ಷಗಟ್ಟಲೆ ಮೂಲೆಗೆ ಎಸೆದ ಎಂಜಿನ್, ಮಾರೋ ದಿನ ಮಾತ್ರ ಎಣ್ಣೆ ಸ್ನಾನ.

ಕೊನೆಗೆ ಹೆಡ್ ಬಿಚ್ಚಿದರೆ ಎಕ್ಸಾಸ್ಟ್ ಕಡೆ ಲೈನರ್‌ನಲ್ಲಿ ಉದ್ದುದ್ದ ಗೀರು, ಕ್ರೋಮ್ ಹೋಗಿ ಹಿತ್ತಾಳೆ ಹಳದಿ ಕಾಣ್ತಿದೆ. ಪಿಸ್ಟನ್ ಪಕ್ಕದಲ್ಲಿ ಕಂದು ಕಲೆ, ಉರಿದ ಗ್ಯಾಸ್ ಕೆಳಗೆ ನುಗ್ಗಿದ ಗುರುತು. ಫೋಟೋ ಕಳಿಸಿದ್ದಕ್ಕೆ ಉತ್ತರ: "ಹೆಡ್ ಬಿಚ್ಚಿಬಿಟ್ರಲ್ಲ ಸರ್, ಇನ್ನು ರಿಟರ್ನ್ ಆಗಲ್ಲ." ಬಿಚ್ಚದಿದ್ದರೆ ಟ್ಯೂನಿಂಗ್ ಪ್ರಾಬ್ಲಂ, ಬಿಚ್ಚಿದರೆ ರಿಟರ್ನ್ ಇಲ್ಲ! ಅಷ್ಟು ಹೇಳಿ ನಂಬರ್ ಬ್ಲಾಕ್.

ಸ್ಟಾರ್ಟ್ ಆಗೋ ವಿಡಿಯೋ ಯಾರು ಬೇಕಾದರೂ ಕಳಿಸ್ತಾರೆ, ಅದನ್ನು ಕಟ್ಟಿಕೊಂಡು ಏನೂ ಉಪಯೋಗ ಇಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಬಿಸಿ ಇರುವಾಗಲೇ ಪ್ರೊಪೆಲ್ಲರ್ ತಿರುಗಿಸಿ ತೋರಿಸಲಿ, ಮಧ್ಯೆ ಕಟ್ ಇಲ್ಲದೆ. ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ಇನ್ನೊಮ್ಮೆ. ಎಬಿಸಿ ಅಂತ ಹೇಳೋರು ಈ ಎರಡನೇದನ್ನು ತೋರಿಸಲ್ಲ ಅಂದರೆ ಅಲ್ಲಿಗೇ ಬಿಡಿ. ಲೈನರ್-ಪಿಸ್ಟನ್ ಸೆಟ್, ಎರಡು ಬೇರಿಂಗ್ ಸೇರಿಸಿದರೆ ಹಳೇ ಎಂಜಿನ್‌ಗೆ ಕೊಟ್ಟದ್ದಕ್ಕಿಂತ ಜಾಸ್ತಿ ಆಗ್ತಿದೆ, ಹಾಗಾಗಿ ರಿಪೇರಿ ಇಲ್ಲ. ಕಾರ್ಬ್, ಮಫ್ಲರ್, ಬ್ಯಾಕ್‌ಪ್ಲೇಟ್ ಚೆನ್ನಾಗಿವೆ. ಯಾರಿಗಾದರೂ ಸ್ಪೇರ್‌ಗೆ ಬೇಕಿದ್ದರೆ ಹೇಳಿ, ತೊಳೆದೇ ಕೊಡ್ತೀನಿ.