ಶುಂಠಿ ಹಾಲೋ, ಎರಡು ಕೆನೆಯ ಹಾಲೋ?

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಡೆ ಹಾಲಿನ ಸಿಹಿಗಳಲ್ಲಿ ಎರಡಕ್ಕೆ ಭಾರಿ ಹೆಸರು. ಒಂದು, ಶುಂಠಿ ರಸದಲ್ಲಿ ಹೆಪ್ಪುಗಟ್ಟುವ ಹಾಲು. ಗುವಾಂಗ್‌ಝೌ ನಗರಕ್ಕೆ ಸೇರಿದ ಪನ್ಯು ಜಿಲ್ಲೆಯ ಶಾವಾನ್ ಇದಕ್ಕೆ ಪ್ರಸಿದ್ಧ. ಇನ್ನೊಂದು ಶುಂಡೆಯ ದಾಲಿಯಾಂಗ್‌ನ ಶುವಾಂಗ್ ಪಿ ನಾಯ್, ಅಂದರೆ ಎರಡು ಕೆನೆಯ ಹಾಲು. ಎರಡನ್ನೂ ಮನೆಯಲ್ಲಿ ಮಾಡಿ ನೋಡಿದೆ. ನನ್ನ ಓಟು ಶುಂಠಿ ಹಾಲಿಗೆ. ಆದರೆ ಸುಲಭ ಅನ್ನುವ ಕಾರಣಕ್ಕಲ್ಲ.

ಶುಂಠಿ ಹಾಲಿಗೆ ಬೇಕಾದದ್ದು ಹಾಲು, ಸಕ್ಕರೆ, ಬಲಿತ ಹಸಿಶುಂಠಿ, ಅಷ್ಟೇ. ಶುಂಠಿ ತುರಿದು ಬಟ್ಟೆಯಲ್ಲಿ ಹಿಂಡಿ, ಬಟ್ಟಲಿಗೆ ಒಂದು ದೊಡ್ಡ ಚಮಚ ರಸ ಹಾಕಿ. ತಳದಲ್ಲಿ ಬಿಳಿ ಗಸಿ ಕೂರುತ್ತದೆ, ಅದನ್ನು ಬಿಡದೆ ಕಲಕಿಕೊಳ್ಳಿ. 200 ಮಿಲಿ ಹಾಲಿಗೆ ಸಕ್ಕರೆ ಹಾಕಿ ಬಿಸಿ ಮಾಡಿ, ಸುಮಾರು 70 ಡಿಗ್ರಿಗೆ ಇಳಿದಾಗ ಸ್ವಲ್ಪ ಎತ್ತರದಿಂದ ಒಂದೇ ಸಲಕ್ಕೆ ರಸದ ಮೇಲೆ ಸುರಿಯಿರಿ. ಆಮೇಲೆ ಚಮಚ ಹಾಕುವುದು, ಬಟ್ಟಲು ಅಲ್ಲಾಡಿಸುವುದು ಯಾವುದೂ ಬೇಡ. ಕೆಲವೇ ನಿಮಿಷಗಳಲ್ಲಿ ಮೇಲ್ಭಾಗ ನಡುಗುವುದು ನಿಂತು, ಚಿಕ್ಕ ಚಮಚ ಇಟ್ಟರೆ ಮುಳುಗದೆ ಕೂರುತ್ತದೆ. ಕಣ್ಣಿಗೆ ನಮ್ಮ ಗಿಣ್ಣಿನ ತಮ್ಮನ ಹಾಗೆ, ಬಾಯಿಗಿಟ್ಟರೆ ಇನ್ನೂ ಮೆತ್ತಗೆ, ಗಂಟಲಲ್ಲಿ ಖಾರ.

ಇಲ್ಲಿ ಕೆಲಸ ಮಾಡುವುದು ಶುಂಠಿಯಲ್ಲಿರುವ ಒಂದು ಕಿಣ್ವ. ಚೀಸ್ ಮಾಡುವವರು ಹಾಕುವ ರೆನೆಟ್ ತರಹವೇ ಅದು ಹಾಲಿನ ಪ್ರೋಟೀನನ್ನು ಕತ್ತರಿಸುತ್ತದೆ. ಕುದಿಯುವ ಹಾಲು ಸುರಿದರೆ ಕಿಣ್ವ ಸತ್ತೇ ಹೋಗುತ್ತದೆ. ಹಾಲು ತೀರಾ ಆರಿದರೆ ಅದು ಏಳುವುದೇ ಇಲ್ಲ. ರಸ ಹಿಂಡಿಟ್ಟು ಹೊತ್ತಾದರೂ ಶಕ್ತಿ ಕಳೆದುಕೊಳ್ಳುತ್ತದೆ. ಹಾಗಾಗಿ ಅಡುಗೆ ಥರ್ಮಾಮೀಟರ್ ಇದ್ದರೆ ಅರ್ಧ ಗೆದ್ದಂತೆ.

ಎರಡು ಕೆನೆಯ ಹಾಲಿಗೆ ಈ ತಲೆನೋವಿಲ್ಲ, ಬೇಕಾದದ್ದು ತಾಳ್ಮೆ. ಬಿಸಿ ಹಾಲನ್ನು ಬಟ್ಟಲಿಗೆ ಹಾಕಿ ಆರಲು ಬಿಟ್ಟರೆ ಕೆನೆ ಕಟ್ಟುತ್ತದೆ. ಅಂಚಿನಲ್ಲಿ ಸ್ವಲ್ಪ ಬಿಡಿಸಿ, ಕೆನೆ ತಳದಲ್ಲೇ ಉಳಿಯುವ ಹಾಗೆ ಹಾಲನ್ನು ಮೆಲ್ಲಗೆ ಬಗ್ಗಿಸಿಕೊಳ್ಳಬೇಕು. 400 ಮಿಲಿ ಹಾಲಿಗೆ 2 ಮೊಟ್ಟೆಯ ಬಿಳಿ, ಸಕ್ಕರೆ ಬೆರೆಸಿ ಸೋಸಿ, ಅದೇ ಅಂಚಿನಿಂದ ವಾಪಸ್ ಸುರಿದರೆ ಕೆನೆ ತೇಲಿಕೊಂಡು ಮೇಲೆ ಬರುತ್ತದೆ. ಆ ಗಳಿಗೆ ನೋಡುವುದಕ್ಕೇ ಚೆಂದ! ತಟ್ಟೆ ಮುಚ್ಚಿ ಇಡ್ಲಿ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿದರೆ ಸಾಕು. ಆರುವಾಗ ಎರಡನೇ ಕೆನೆ ಕಟ್ಟುತ್ತದೆ.

ರುಚಿ? ನಯ, ತುಂಬಾ ನಯ. ಆದರೆ ಬರೀ ಹಾಲು-ಸಕ್ಕರೆ, ನನಗೆ ಅರ್ಧ ಬಟ್ಟಲಿಗೇ ಸಾಕೆನಿಸಿತು. ಬಿಸಿಯಾಗಿದ್ದಾಗ ಮೊಟ್ಟೆ ವಾಸನೆಯೂ ಸ್ವಲ್ಪ ಬರುತ್ತದೆ. ಫ್ರಿಜ್‌ನಲ್ಲಿಟ್ಟು ತಣ್ಣಗೆ ತಿನ್ನುವುದೇ ಸರಿ. ಶುಂಠಿ ಹಾಲು ಬಿಸಿಬಿಸಿ ಇರುವಾಗಲೇ ರುಚಿ, ಹೊತ್ತಾದರೆ ನೀರು ಬಿಡುತ್ತದೆ.

ಹಾಲಿನ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ಅಲ್ಲಿಯ ಪದ್ಧತಿಯಲ್ಲೂ ಎರಡಕ್ಕೂ ಎಮ್ಮೆ ಹಾಲೇ. ತೆಳ್ಳನೆಯ ಪ್ಯಾಕೆಟ್ ಹಾಲಿನಲ್ಲಿ ಕೆನೆ ಹರಿದು ಹೋಗುತ್ತದೆ, ಶುಂಠಿಯದ್ದು ಅರೆಬರೆ ಹೆಪ್ಪಾಗುತ್ತದೆ. ನಮ್ಮೂರುಗಳಲ್ಲಿ ಎಮ್ಮೆ ಹಾಲು ಹಾಕುವವರು ಇನ್ನೂ ಇದ್ದಾರಲ್ವಾ, ಅವರ ಹತ್ತಿರವೇ ಕೊಳ್ಳಿ. ಮೊಟ್ಟೆ ಮುಟ್ಟದ ಮನೆಯಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ, ಶುಂಠಿ ತನ್ನಿ. ಹಿಂದಿನ ದಿನವೇ ಮಾಡಿಟ್ಟು ನೆಂಟರಿಗೆ ಕೊಡಬೇಕಾದರೆ ಎರಡು ಕೆನೆಯದ್ದು. ಉಳಿದ ಮೊಟ್ಟೆ ಹಳದಿ ಬೆಳಗಿನ ಆಮ್ಲೆಟ್‌ಗೆ ಆಗುತ್ತದೆ.