ರೋಬೋಕಾಪ್ ರೋಗ್ ಸಿಟಿ: ಗುಂಡಿಗಿಂತ ಫೈನ್ ಹಾಕೋದೇ ಮಜಾ

ದಾವಣಗೆರೆಯ ಮಂಡಿಪೇಟೆಯಲ್ಲಿ ಗಾಡಿ ಓಡಿಸಿ ಅಭ್ಯಾಸ ಇದ್ದವರಿಗೆ ಈ ಕಂಪ್ಯೂಟರ್ ಗೇಮ್ ಬೇಗ ಹಿಡಿಸುತ್ತದೆ. ಇದರಲ್ಲಿ ನಾವೇ ರೋಬೋಕಾಪ್, ಅಂದರೆ ಅರ್ಧ ಮನುಷ್ಯ ಅರ್ಧ ಯಂತ್ರವಾದ ಪೊಲೀಸ್. ಅಡ್ಡ ನಿಲ್ಲಿಸಿದ ಕಾರಿನ ಹತ್ತಿರ ಹೋಗಿ, ಸ್ಕ್ಯಾನ್ ಮಾಡಿ, ಫೈನ್ ಹಾಕಬಹುದು. ಯಾವ ಕಾರ್ಪೊರೇಟರ್‌ಗೂ ಫೋನ್ ಹೋಗುವುದಿಲ್ಲ. ಮೇಲಾಗಿ ಪಾಯಿಂಟ್ ಬೇರೆ ಸಿಗುತ್ತದೆ!

2023ರ ನವೆಂಬರ್‌ನಲ್ಲಿ ಬಂದ ಗೇಮ್ ಇದು. ನಾನು ಯಾವುದನ್ನೂ ಪೂರ್ತಿ ಬೆಲೆಗೆ ಕೊಳ್ಳುವವನಲ್ಲ, ಸೇಲ್ ಬರುವವರೆಗೆ ಕಾದೆ. ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅನ್ನೋದೆಲ್ಲ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲೇ ಇದೆ, ನೋಡಿಕೊಳ್ಳಿ. ನನ್ನದು ಹಳೇ ಲ್ಯಾಪ್‌ಟಾಪ್. ಎಲ್ಲವನ್ನೂ ಲೋ ಸೆಟ್ಟಿಂಗ್‌ಗೆ ಇಳಿಸಿದರೆ ನಡೆಯುತ್ತದೆ. ಏಪ್ರಿಲ್‌ನ ಬಿಸಿಲಲ್ಲಿ ಮಾತ್ರ ಕಷ್ಟ.

ಅದಕ್ಕೂ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಅಂಗಡಿ ಶಟರ್ ಎಳೆದು, ಊಟ ಮುಗಿಸಿ, ಹಳೇ ಲೆಕ್ಕದ ಪುಸ್ತಕ ಎರಡನ್ನು ಲ್ಯಾಪ್‌ಟಾಪ್‌ನ ಎರಡು ಬದಿಗೆ ಇಡುತ್ತೇನೆ. ನಡುವೆ ಗಾಳಿ ಆಡಬೇಕಲ್ಲ. ಟೇಬಲ್ ಫ್ಯಾನ್ ನನ್ನ ಕಡೆಗಲ್ಲ, ಅದರ ಕಡೆಗೆ. ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ, ಅದಕ್ಕೊಂದು ಚಮಚ. ಕೈಯಲ್ಲಿ ತಿಂದರೆ ಕೀಬೋರ್ಡ್ ಎಲ್ಲ ಎಣ್ಣೆ. ಮಿರ್ಚಿ ತಂದ ದಿನ ಆಟ ಅರ್ಧ ಗಂಟೆ ತಡ.

ಈ ಗೇಮ್‌ಗೆ ಹೀಗೆ ನಿಧಾನವಾಗಿ ಕೂತು ಆಡುವುದೇ ಸರಿ. ಯಾಕಂದ್ರೆ ಇದರ ನಾಯಕನೂ ನಿಧಾನ. ಜಿಗಿಯುವುದಿಲ್ಲ, ಬಗ್ಗುವುದಿಲ್ಲ. ಶಿಫ್ಟ್ ಒತ್ತಿದರೂ ಓಟವಲ್ಲ, ಸ್ವಲ್ಪ ಜೋರು ನಡಿಗೆ ಅಷ್ಟೇ. ಎಂಜಿನಿಯರಿಂಗ್ ಓದುವ ಅಕ್ಕನ ಮಗ ಹತ್ತು ನಿಮಿಷ ನೋಡಿ, "ಮಾಮ, ಇವ್ನು ಓಡೋದೇ ಇಲ್ಲೇನು?" ಅಂದು ಎದ್ದು ಹೋದ. ಪೂರ್ತಿ ಲೋಡು ತುಂಬಿದ ಲಾರಿ ಹಾಗೆ ಧಡ್ ಧಡ್ ಅಂತ ಹೋಗುವುದೇ ಇವನ ಗತ್ತು ಅಂತ ಆ ಹುಡುಗನಿಗೆ ಹೇಗೆ ಹೇಳುವುದು? 1987ರ ರೋಬೋಕಾಪ್ ಸಿನಿಮಾ ನೋಡಿದವರಿಗೆ ಆ ಹೆಜ್ಜೆಯ ಸದ್ದೇ ಸಾಕು. ಅದರಲ್ಲಿ ರೋಬೋಕಾಪ್ ಆಗಿದ್ದ ನಟ ಪೀಟರ್ ವೆಲ್ಲರ್ ಧ್ವನಿಯೂ ಇದೆ. ಮೊದಲೆರಡು ಸಿನಿಮಾ ಮಾಡಿ, 1993ರ ಮೂರನೆಯದಕ್ಕೆ ಬಾರದೆ ಹೋದವರು ಇಲ್ಲಿ ವಾಪಸ್ ಬಂದಿದ್ದಾರೆ. ಗೇಮ್‌ನ ಕಥೆ ನಡೆಯುವುದೂ ಎರಡನೆಯ ಮತ್ತು ಮೂರನೆಯ ಸಿನಿಮಾದ ನಡುವೆ.

ಗುಂಡಿನ ಕಾಳಗ ಚೆನ್ನಾಗಿದೆ. ಆಟೋ-9 ಪಿಸ್ತೂಲಿಗೆ ಗುಂಡು ಮುಗಿಯುವುದೇ ಇಲ್ಲ. ರಕ್ತ ಜಾಸ್ತಿ, ಮಕ್ಕಳು ಪಕ್ಕದಲ್ಲಿದ್ದಾಗ ಬೇಡ. ಆದರೆ ನಾನು ಕಾಯುತ್ತಿದ್ದುದು ಠಾಣೆಗೆ ವಾಪಸ್ ಹೋಗುವುದಕ್ಕೆ. ಅಲ್ಲಿ ಮುಂದಿನ ಕೌಂಟರ್‌ನಲ್ಲಿ ನಿಂತು ಜನರ ದೂರು ಕೇಳಬೇಕು. ಕೆಲವರದು ನಿಜವಾದ ಕಷ್ಟ, ಕೆಲವರದು ಸುಮ್ನೆ ತಲೆಹರಟೆ. ಕಾನೂನು ಪ್ರಕಾರ ಫೈನ್ ಹಾಕುವುದಾ, ಎಚ್ಚರಿಕೆ ಕೊಟ್ಟು ಬಿಡುವುದಾ, ನಾವೇ ತೀರ್ಮಾನಿಸಬೇಕು. ಜೊತೆಗಾರ್ತಿ ಲೂಯಿಸ್ ಆಸ್ಪತ್ರೆಯಲ್ಲಿದ್ದಾಗ ಬೇಗ ಹುಷಾರಾಗಲಿ ಅಂತ ಕಾರ್ಡ್‌ಗೆ ಎಲ್ಲರ ಸಹಿ ಹಾಕಿಸುವ ಕೆಲಸವೂ ಇವನದೇ. ಅಷ್ಟು ದೊಡ್ಡ ಉಕ್ಕಿನ ಮನುಷ್ಯ ಕಾರ್ಡ್ ಹಿಡಿದು ಟೇಬಲ್ ಟೇಬಲ್ ತಿರುಗುವುದನ್ನು ನೋಡಬೇಕು ನೀವು.

ಇದೇ ಗುಂಗಿನಲ್ಲಿ ಇದರ ಮುಂದಿನ ಗೇಮ್ ಅನ್‌ಫಿನಿಶ್ಡ್ ಬಿಸಿನೆಸ್ ಅನ್ನೂ ಕೊಂಡೆ. 2025ರ ಜುಲೈನಲ್ಲಿ ಬಂದಿದ್ದು. ಮೊದಲನೆಯ ಗೇಮ್ ಇಲ್ಲದೆಯೂ ಆಡಬಹುದು. ಇಲ್ಲಿ ಸಪ್ಪೆಯಾಯಿತು ನೋಡಿ. ಆಮ್ನಿ ಟವರ್ ಅನ್ನುವ ಎತ್ತರದ ಕಟ್ಟಡ, ಒಂದು ಮಹಡಿ ಆದಮೇಲೆ ಇನ್ನೊಂದು, ಎಲ್ಲೆಲ್ಲೂ ಗುಂಡು. ಬೀದಿ ಇಲ್ಲ, ಗಸ್ತು ಇಲ್ಲ. ಹತ್ತುತ್ತಾ ಹೊಡೆಯುತ್ತಾ ಹೋಗುವುದೇ ಕೆಲಸ. ರೋಬೋಕಾಪ್ ಆಗುವ ಮೊದಲಿನ ಮಾಮೂಲಿ ಪೊಲೀಸ್ ಮರ್ಫಿಯಾಗಿ ಆಡುವ ಭಾಗ ಬರುತ್ತದೆ, ಅದೊಂದು ಇಷ್ಟವಾಯಿತು. ಉಳಿದಿದ್ದು ಬೇರೆ ಹತ್ತು ಗೇಮ್‌ಗಳಲ್ಲೂ ಸಿಗುತ್ತದೆ, ಅಲ್ವಾ?

ಬೆಲೆ ಮೊದಲನೆಯದಕ್ಕಿಂತ ಕಮ್ಮಿ, ನಿಜ. ಆದರೂ ಬಜೆಟ್ ಒಂದಕ್ಕೇ ಇದ್ದರೆ ಮೊದಲನೆಯದನ್ನೇ ತಗೊಳ್ಳಿ, ಅದೂ ಸೇಲ್‌ನಲ್ಲಿ. ಶೂಟಿಂಗ್ ಒಂದೇ ಸಾಕು ಅನ್ನುವವರು ಎರಡನೆಯದಕ್ಕೆ ಹೋಗಬಹುದು. ನಾನು ಅದನ್ನು ಡಿಲೀಟ್ ಮಾಡಿದೆ. ಮೊದಲನೆಯದು ಇನ್ನೂ ಇದೆ, ಈಗ ನ್ಯೂ ಗೇಮ್ ಪ್ಲಸ್ ನಡೀತಿದೆ, ಅಂದರೆ ಮುಗಿಸಿದ ಆಟವನ್ನೇ ಗಳಿಸಿದ್ದನ್ನು ಇಟ್ಟುಕೊಂಡು ಮತ್ತೆ ಮೊದಲಿಂದ ಆಡುವುದು. ಹೋದ ಸಲ ಎಚ್ಚರಿಕೆ ಕೊಟ್ಟು ಬಿಟ್ಟವರನ್ನು ಈ ಸಲ ಬಿಡುತ್ತಿಲ್ಲ.